ಮೂರು ತಾಸಿನ ಮಸ್ಕತ್

ಮನೆಯಿಂದ ಯಾರಾದರೂ ಊರಿಗೆ ಹೊರಟರೆ ಗೌರವ್ವ ಮೊದಲು ಮಾಡುತ್ತಿದ್ದ ಕೆಲಸ, ಕಸಬರಿಗೆಯನ್ನು ಅಟ್ಟದ ಮೇಲೆ ಎಸೆಯುವುದು. ಹೋದವರು ಮುಟ್ಟುವ ತನಕ ಮನೆ ಗುಡಿಸಬಾರದು, ಗುಡಿಸಿದರೆ ಅವರನ್ನೇ ಹೊರಗೆ ಹಾಕಿದಂತೆ ಎಂಬುದು ಅವಳ ನಂಬಿಕೆ. ಮುಂಬೈ ಹಾದಿಯ ನಿಗಡಿಯಲ್ಲಿದ್ದ ನಮ್ಮ ಚಾಳಿನಲ್ಲಿ ಅವಳಷ್ಟು ಚೊಕ್ಕಟದವಳು ಇನ್ನೊಬ್ಬಳಿರಲಿಲ್ಲ. ಆದರೂ ಕಾರ್ಖಾನೆಗೆ ರಜೆ ಹಾಕಿ ಗಂಡ ವಿಜಾಪುರಕ್ಕೆ ಹೋದ ದಿನ ಬೆಳಗಿನಿಂದ ರಾತ್ರಿಯವರೆಗೆ ಬಿದ್ದ ಕಸವನ್ನೇ ನೋಡುತ್ತ ಚಡಪಡಿಸುತ್ತಿದ್ದಳು. ನನಗೆ ನಗು ಬರುತ್ತಿತ್ತು.

ತಮ್ಮ ಮಲ್ಲಪ್ಪ ಅವಳ ಕಂಕುಳಲ್ಲೇ ಬೆಳೆದವನು, ತಾಯಿಯಿಲ್ಲದ ಕೂಸು. ಎಪ್ಪತ್ತರ ದಶಕದ ಕೊನೆಯಲ್ಲಿ ವೆಲ್ಡರ್ ಕೆಲಸ ಸಿಕ್ಕಿ ಮಸ್ಕತ್ತಿಗೆ ಹೊರಟ. ನಮ್ಮ ನಗರದ ಕ್ಯಾಂಪ್ ಪೇಟೆಯಲ್ಲಿ ವಿಮಾನದ ಟಿಕೆಟ್ ಮಾಡಿಸುವ ಕಚೇರಿಯೊಂದರಲ್ಲಿ ನಾನು ಆಗ ಟೈಪಿಸ್ಟ್. ಗೌರವ್ವ ನಮ್ಮ ಬಾಗಿಲಿಗೆ ಬಂದಳು.

"ಅಕ್ಕಾರ, ಮಸ್ಕತ್ ಎಷ್ಟು ದೂರ ಅದರೀ? ಎಷ್ಟ್ ದಿನಾ ಕಸಾ ಹೊಡೀಬಾರ್ದು, ಹೇಳ್ರಿ."

"ಮುಂಬೈದಿಂದ ಒಂದೂವರಿ ಸಾವಿರ ಕಿಲೋಮೀಟರ್ ಆಗ್ತದ ಗೌರವ್ವ. ವಿಮಾನದಾಗ ಮೂರು ತಾಸು, ಅಷ್ಟ."

"ಅಯ್ಯ, ಬರೇ ಮೂರು ತಾಸ? ನಮ್ಮ ವಿಜಾಪುರಕ್ಕಿಂತ ಸಮೀಪ ಆತಲ್ರಿ!"

ಅವತ್ತಿನಿಂದ ಅವಳ ಪಾಲಿಗೆ ಮಸ್ಕತ್ ಎಂದರೆ ಪಕ್ಕದ ಲೋಣಾವಳಾ ದಾಟಿದರೆ ಸಿಗುವ ಊರು. ನಳದ ಸರದಿಯಲ್ಲಿ ನಿಂತು ಮರಾಠಿ ಹೆಂಗಸರಿಗೆ ಮೂರು ಬೆರಳೆತ್ತಿ ತೋರಿಸಿ, "ತೀನ ತಾಸ!" ಎಂದು ಜಂಬ ಕೊಚ್ಚುವಳು. ರಜೆಗೆ ಬಂದ ಮಲ್ಲಪ್ಪ ಮರಳಿ ಹೊರಟಾಗಲೂ ಅಳಲಿಲ್ಲ. "ಯಾಕ ಅಳಬೇಕ್ರಿ? ಮುಂಜಾನೆ ನೆನಿಸಿದ್ರ ಮಧ್ಯಾಹ್ನ ಊಟಕ್ಕ ಬರ್ತಾನ" ಎಂದಳು. ಹಾಗಲ್ಲ ಎಂದು ತಿದ್ದಲು ನನಗೆ ಮನಸ್ಸಾಗಲಿಲ್ಲ.

ಮುಂದಿನ ವರ್ಷ ತಂತಿ ಬಂತು. ಕಟ್ಟುತ್ತಿದ್ದ ಕಟ್ಟಡದ ಮೇಲಿಂದ ಬಿದ್ದು ಮಲ್ಲಪ್ಪ ತೀರಿಕೊಂಡಿದ್ದ. ಹೆಣವನ್ನು ಕಳಿಸುತ್ತೇವೆ ಎಂದಿದ್ದರು. ಗೌರವ್ವ ಅಳುತ್ತಲೇ ಕಸಬರಿಗೆ ಎತ್ತಿಟ್ಟಳು. ಅಲ್ಲಿನ ಪೊಲೀಸರು, ಮಾಲೀಕರು, ರಾಯಭಾರ ಕಚೇರಿ ಎಂದು ಒಬ್ಬರ ಸಹಿಗೆ ಇನ್ನೊಬ್ಬರು ಕಾಯುತ್ತ ವಾರಗಳೇ ಹೋದವು. ಅವಳ ಮನೆಯ ತುಂಬ ಧೂಳು. ದಿನಾ ಸಂಜೆ ನಾನು ಬಸ್ಸಿಳಿಯುವುದನ್ನೇ ಕಾಯುತ್ತಿದ್ದಳು.

"ಮೂರು ತಾಸಿನ ಹಾದಿ ಅಂದಿದ್ರಲ್ರೀ ಅಕ್ಕಾರ?"

ದೂರುತ್ತಿರಲಿಲ್ಲ, ಕೇಳುತ್ತಿದ್ದಳು ಅಷ್ಟೇ.

ಕೊನೆಗೊಮ್ಮೆ ಪೆಟ್ಟಿಗೆ ಬಂತು. ತೆರೆಯಬಾರದೆಂದರು; ತಮ್ಮನ ಮುಖ ನೋಡುವ ಭಾಗ್ಯವೂ ಅವಳಿಗಿರಲಿಲ್ಲ. ನಾನು ಗೌರವ್ವನನ್ನು ಕೊನೆಯ ಸಲ ಕಂಡದ್ದು ಅಂದೇ. ಮರುದಿನ ಗಂಡ ಅವಳನ್ನು ವಿಜಾಪುರಕ್ಕೆ ಕರೆದೊಯ್ದ, ಅವಳು ಮತ್ತೆ ಬರಲಿಲ್ಲ.

ಪೆಟ್ಟಿಗೆ ಬಂದ ಆ ದಿನ ಗಂಡಸರು ಅದನ್ನು ಹೊತ್ತು ಸ್ಮಶಾನಕ್ಕೆಂದು ಚಾಳಿನ ಗೇಟು ದಾಟಿದ್ದರು. ಹೆಣ ಹೋದ ಮನೆಯನ್ನು ಕೂಡಲೇ ಗುಡಿಸಿ ತೊಳೆಯಬೇಕು ಎನ್ನುತ್ತ ಹಿರಿಯ ಹೆಂಗಸೊಬ್ಬಳು ಕಸಬರಿಗೆ ಇಳಿಸಿದಳು. ಗೌರವ್ವ ಒಮ್ಮೆಲೇ ಎದ್ದು ಅದನ್ನು ಕಸಿದುಕೊಂಡು ಎದೆಗೆ ಅವಚಿಕೊಂಡಳು.

"ಈಗರೆ ಹೊಂಟಾನ. ಮುಟ್ಟಲಿ, ತಡೀರಿ!"

ಅವಳು ನನ್ನ ಕಡೆ ತಿರುಗಿದಳು.

"ಅಕ್ಕಾರ, ಅಲ್ಲಿಗೆ ಎಷ್ಟು ತಾಸ್ರೀ?"

ನಾನು ಅವಳ ಪಕ್ಕದಲ್ಲಿ, ಆ ಧೂಳಿನಲ್ಲೇ ಕುಳಿತು ಅತ್ತೆ.