ಕರಗಿದ ಮೀನಖಂಡ
ಪೆನಾಂಗಿನ ಬೂನ್ ತಿಯಾಂಗ್ ತನ್ನ ತಂಗಿಯ ಬಳಿ ಕ್ಷಮೆ ಕೇಳುವುದನ್ನು ಇನ್ನೂ ಬಾಕಿ ಉಳಿಸಿಕೊಂಡಿದ್ದಾನೆ. ಸೈಕಲ್‌ರಿಕ್ಷಾ ತುಳಿಯುವ ಈ ಮುದುಕನಿಗೆ ಮೀನಖಂಡವೇ ಆಸ್ತಿ. ಚಡ್ಡಿ ಮೇಲೆತ್ತಿ ಪ್ರವಾಸಿಗರಿಗೂ ತೋರಿಸುತ್ತಿದ್ದ, ಬೀದಿನಾಯಿಗೂ ತೋರಿಸುತ್ತಿದ್ದ. ಹಿಂದೊಮ್ಮೆ ರಿಕ್ಷಾದವರ ಮುಷ್ಕರದಲ್ಲಿ ಪೊಲೀಸರ ಲಾಠಿ ಮುರಿದದ್ದು ಈ ಕಾಲಿಗೆ ಬಡಿದೇ ಎಂಬುದು ಅವನ ಪುರಾಣ. ಕಾಫಿ ಅಂಗಡಿಯಲ್ಲಿ ಹಂದಿಮಾಂಸದ ನೂಡಲ್ಸ್ ಬಾರಿಸಿ, "ಪಾಪ ತೊಳ್ಕೊಂಡೆ" ಎಂದು ಕೊಲೆಸ್ಟ್ರಾಲ್ ಗುಳಿಗೆ ನುಂಗುತ್ತಿದ್ದ. ಕಾಲು ಸೆಳೆಯತೊಡಗಿದಾಗ ಹಿಗ್ಗಿದ: "ನೋವಾಗ್ತಿದೆ ಅಂದ್ರೆ ಕೊಬ್ಬು ಕರಗ್ತಿದೆ ಅಂತ ಕಣಯ್ಯ." ಗೆಳೆಯ ಹಮೀದ್, "ಅದೇ ಗುಳಿಗೆ ನಾನೂ ತಿಂತೀನಿ ಬೂನಣ್ಣ, ನನಗೇನೂ ಆಗಿಲ್ಲ. ನಿಂಗೆ ವಯಸ್ಸಾಯ್ತು" ಎಂದು ಕೆಣಕಿದರೆ, "ನಿಂದು ಕೋಳಿಕಾಲು, ಕರಗೋಕೆ ಏನಿದೆ?" ಎನ್ನುತ್ತಿದ್ದ. ರಿಕ್ಷಾದಿಂದ ಇಳಿದು ತಳ್ಳುವ ಗತಿ ಬಂದ ಮೇಲೇ ಆಸ್ಪತ್ರೆಗೆ ಹೋದದ್ದು. ರಕ್ತ ಪರೀಕ್ಷಿಸಿದ ಡಾಕ್ಟರಮ್ಮ, "ತಾತ, ಇದು ಹುಟ್ಟಿನಿಂದ ಬಂದ ಗುಣ. ಈ ಔಷಧಿ ಬೇರೆಯವರ ರಕ್ತದಿಂದ ಬೇಗ ಹೋಗುತ್ತೆ, ನಿಮ್ಮಲ್ಲಿ ಉಳ್ಕೊಂಡು ಸ್ನಾಯು ಕೆಡಿಸುತ್ತೆ. ಬೇರೆ ಗುಳಿಗೆ ಕೊಡ್ತೀನಿ" ಎಂದಳು. "ಒಡಹುಟ್ಟಿದವರಿಗೂ ಇರುತ್ತಾ?" "ಇರಬಹುದು." ಈಗ ಕಾಲು ವಾಸಿಯಾಗಿದೆ, ಆದರೆ ಯಾರಿಗೂ ತೋರಿಸುವುದಿಲ್ಲ. ಕೆಲವು ವರ್ಷಗಳ ಹಿಂದೆ ಅದೇ ಗುಳಿಗೆ ತಿನ್ನುತ್ತಿದ್ದ ತಂಗಿ ಸ್ಯೂ ಲಾನ್ "ಕಾಲು ಏಳ್ತಿಲ್ಲಣ್ಣ" ಎಂದಾಗಲೆಲ್ಲ, "ಸೋಮಾರಿ, ಎದ್ದು ಪಾತ್ರೆ ತೊಳಿ" ಎಂದು ಗದರಿದವನು ಇವನೇ. ಬೈಗುಳಕ್ಕೆ ಅಂಜಿ ಅವಳು ನೋವು ಹೇಳುವುದನ್ನು ಬಿಟ್ಟಳು, ಗುಟ್ಟಾಗಿ ಗುಳಿಗೆಯನ್ನೂ ಬಿಟ್ಟಳು, ಕೊಲೆಸ್ಟ್ರಾಲ್ ಏರಿ ಹೃದಯಾಘಾತವಾಗಿ ಸತ್ತಳು. ನಿಮ್ಮ ಮನೆಯಲ್ಲೂ ಕೊಲೆಸ್ಟ್ರಾಲ್ ಗುಳಿಗೆ ನುಂಗಿ ಕಾಲುನೋವು ಎನ್ನುವವರು ಇದ್ದರೆ ಸೋಮಾರಿ ಎನ್ನಬೇಡಿ. ನಾಳೆಯೇ ಡಾಕ್ಟರ ಮುಂದೆ ಕೂರಿಸಿ, ಈ ಮೈಗೆ ಒಗ್ಗುವ ಔಷಧಿ ಯಾವುದೆಂದು ಕೇಳಿ, ಉತ್ತರ ಸಿಗುವ ತನಕ ಏಳಬೇಡಿ.