ಅಪ್ಪನನ್ನು ಎತ್ತಿಕೊಂಡು ಹೋದ ದೊರೆ

ಡೆನ್ಮಾರ್ಕಿನ ಆ ದೊರೆ ನನಗೆ ಗಂಟುಬಿದ್ದದ್ದು ಕೆಲಸದ ದೆಸೆಯಿಂದ. ವೈಟ್‌ಫೀಲ್ಡಿನ ಒಂದು ಕಂಪನಿಗೆ ಇಯರ್‌ಫೋನಿನ ಕೈಪಿಡಿ ಬರೆಯುತ್ತಿದ್ದೆ. ಬ್ಲೂಟೂತ್ ಎಂಬ ಹೆಸರು ಎಲ್ಲಿಂದ ಬಂತು ಎಂದು ಹುಡುಕಲು ಹೋದರೆ ಸಾವಿರ ವರ್ಷದ ಹಿಂದಿನ ಒಬ್ಬ ರಾಜ ಎದ್ದು ಬಂದ. ನೀಲಿ ಹಲ್ಲಿನವನು ಎಂಬುದು ಅವನ ಅಡ್ಡಹೆಸರು. ಹಲ್ಲು ನಿಜವಾಗಿ ನೀಲಿಯಾಗಿತ್ತೋ, ಬರೀ ಹುಳುಕಾಗಿತ್ತೋ ಯಾರಿಗೂ ಗೊತ್ತಿಲ್ಲ. ಆ ಹೆಸರನ್ನು ಬರೆದಿಟ್ಟವರು ಅವನು ಸತ್ತು ಎಷ್ಟೋ ಕಾಲದ ಮೇಲೆ ಬಂದವರು. ಅವನ ವಿಷಯದಲ್ಲಿ ಬಾಯಿಮಾತಿನ ಕತೆಗಳನ್ನೆಲ್ಲ ತೆಗೆದುಹಾಕಿದರೆ ಉಳಿಯುವುದು ಸ್ವಲ್ಪವೇ. ಆ ಸ್ವಲ್ಪ ಮಾತ್ರ ಗಟ್ಟಿ.

ತಂದೆತಾಯಿಯ ನೆನಪಿಗೆ ಅವನು ಒಂದು ದೊಡ್ಡ ಬಂಡೆ ನಿಲ್ಲಿಸಿ ಅಕ್ಷರ ಕೊರೆಸಿದ. ಹೆತ್ತವರ ಹೆಸರು ಹೇಳಿ ಮುಗಿಸುವ ಹೊತ್ತಿಗೆ ಅವನದೇ ವರದಿ ಶುರುವಾಗುತ್ತದೆ: ಡೆನ್ಮಾರ್ಕನ್ನೆಲ್ಲ ಗೆದ್ದವನು, ನಾರ್ವೆಯನ್ನೂ ಗೆದ್ದವನು, ತನ್ನ ಜನರನ್ನು ಕ್ರೈಸ್ತರನ್ನಾಗಿ ಮಾಡಿದವನು. ಕೈವಾರ ಹಿಡಿದು ಎಳೆದಂಥ ದುಂಡನೆಯ ಮಣ್ಣಿನ ಕೋಟೆಗಳು ಅವನ ಕಾಲದವೇ. ಜೌಗು ನೆಲದ ಮೇಲೆ ಉದ್ದಕ್ಕೆ ಮರದ ಸೇತುವೆ ಹಾಕಿಸಿದ. ಅದು ಕೆಲವೇ ವರ್ಷ ಬಾಳಿತು, ರಿಪೇರಿ ಮಾಡಿದ ಗುರುತೇ ಇಲ್ಲವಂತೆ. ಆ ವಾಕ್ಯವನ್ನು ನಾನು ಓದಿದ್ದು ಮೇಲ್ಸೇತುವೆಯ ಮೇಲೆ, ನಿಂತ ಬಸ್ಸಿನಲ್ಲಿ. ಅವನ ಮೇಲೆ ಪ್ರೀತಿ ಹೆಚ್ಚಿತು. ಕೊನೆಗೆ ಹೆತ್ತ ಮಗನೇ ತಿರುಗಿಬಿದ್ದ, ದೊರೆ ಗಾಯಗೊಂಡು ಓಡಿಹೋಗಿ ಪರರ ನೆಲದಲ್ಲಿ ಸತ್ತ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಬೇರೆ. ಅವನ ಅಪ್ಪ ಹಳೆಯ ದೇವರುಗಳನ್ನು ನಂಬಿದ್ದವನು, ದಿಬ್ಬವೊಂದರ ಒಳಗೆ ಹೂಳಲಾಗಿದ್ದವನು. ಈಚಿನವರು ಆ ದಿಬ್ಬ ಅಗೆದರೆ ಒಳಗಿನ ಕೋಣೆ ಖಾಲಿ. ಪಕ್ಕದ ಚರ್ಚಿನ ನೆಲದಡಿಯಲ್ಲಿ ಒಬ್ಬ ಗಂಡಸಿನ ಮೂಳೆಗಳು ಸಿಕ್ಕವು. ಮಗ ಹೊಸ ದೇವರ ಮನೆಗೆ ಹೋಗುವಾಗ ಅಪ್ಪನನ್ನೂ ಎತ್ತಿಕೊಂಡು ಹೋದ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಕೆಲವರು ಒಪ್ಪುವುದಿಲ್ಲ. ನಾನು ಒಪ್ಪಿಬಿಟ್ಟೆ.

ಹೂಡಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ಪಿ.ಜಿ. ನಡೆಸುವವರು ಆ ಊರಿನ ಹಳೇ ಮನೆತನದವರು. ಅವರ ಗೇಟಿನ ಹೊರಗೆ, ರಸ್ತೆಯ ಅಂಚಿನಲ್ಲಿ ಒಂದು ವೀರಗಲ್ಲು. ಬಿಲ್ಲು ಹಿಡಿದ ಗಂಡಸು, ಅವನ ಹಿಂದೆ ದನ. ಮನೆಯವರು ಅದನ್ನು ತಮ್ಮ ವಂಶದ ಹಿರಿಯನೆಂದು ‘ಹಿರೀಕ’ ಎನ್ನುತ್ತಿದ್ದರು. ಪ್ರತಿ ವರ್ಷ ಹಸಿರು ಎಣ್ಣೆಬಣ್ಣ ಬಳಿದು ಬಳಿದು ಬಿಲ್ಲು ಬಾಳೆಕಾಯಿಯಾಗಿತ್ತು. ಚರಂಡಿ ಅಗಲ ಮಾಡುವ ಕೆಲಸ ಈಗ ಆ ಕಲ್ಲಿನ ಬುಡಕ್ಕೇ ಬಂದಿತ್ತು.

“ಮೇಡಂ, ನೀವಾದ್ರೂ ನಮ್ಮಮ್ಮಂಗೆ ಹೇಳಿ,” ಎಂದರು ಪಿ.ಜಿ.ಯವರು. “ಸೋಮವಾರ ಜೆಸಿಬಿ ಬರುತ್ತೆ. ನಾವಾಗೇ ಎತ್ತಿ ಕಾಂಪೌಂಡ್ ಒಳಗೆ ಇಟ್ಕೊಂಡ್ರೆ ಸರಿ. ಇಲ್ದಿದ್ರೆ ಮಣ್ಣಿನ ಜೊತೆ ಲಾರಿಗೆ ಹಾಕ್ಬಿಡ್ತಾರೆ.”

ಅವರ ತಾಯಿ, ನಾನು ಅಜ್ಜಿ ಎಂದು ಕರೆಯುವವರು, ಜಗಲಿಯ ಮೇಲೆ ಅವರೆಕಾಳು ಹಿತುಕುತ್ತಿದ್ದರು. ಅದು ಚಳಿಗಾಲ ಎಂದು ಬರೆಯಲು ನನಗಿರುವ ಆಧಾರ ಆ ಅವರೆಕಾಳು ಮಾತ್ರ.

“ನಮ್ಮ ಯಜಮಾನ್ರು ಸಾಯೋವಾಗ ಒಂದೇ ಮಾತು ಯೋಳಿದ್ದು ಕಣವ್ವ. ಇರೀಕನ್ನ ಅಲ್ಲಾಡಿಸ್ಬ್ಯಾಡ ಅಂತ. ಈಗ ನಾನು ಅಲ್ಲಾಡಿಸ್ಲಾ?”

ನಾನು ದೊರೆಯ ಕತೆ ತೆಗೆದೆ. ಅವನು ಬಂಡೆ ನಿಲ್ಲಿಸಿದ್ದನ್ನೂ ಅವನ ಮಗ ತಿರುಗಿಬಿದ್ದದ್ದನ್ನೂ ಬಿಡಲಿಲ್ಲ.

“ಅಪ್ಪಂಗೊಂದು ದ್ಯಾವ್ರು, ಮಗಂಗೊಂದು ದ್ಯಾವ್ರಾ? ಎಂಡ್ತಿ ಮಾತು ಕೇಳಿರ್ತಾನೆ ಬುಡು.”

“ಆದ್ರೂ ಅಪ್ಪನ್ನ ಬಿಟ್ಟು ಹೋಗ್ಲಿಲ್ಲ ಅಜ್ಜಿ. ಹೊಸ ಗುಡಿಯೊಳಕ್ಕೆ ಕರ್ಕೊಂಡು ಹೋದ.”

ಅವರ ಬೆರಳು ನಿಂತಿತು. “ಒಳ್ಳೇ ಮಗ,” ಎಂದರು. ಪಿ.ಜಿ.ಯವರು ನನ್ನ ಕಡೆ ನೋಡಿ ತಲೆಯಾಡಿಸಿದರು.

“ಕಲ್ಲು? ಕಲ್ಲನ್ನೂ ಎತ್ತಿದ್ನಾ?”

“ಇಲ್ಲ. ಅದು ಈಗ್ಲೂ ಅಲ್ಲೇ ಹೊರಗೇ ಇದೆ.”

“ಅಂಗೆ ಯೋಳು ಮತ್ತೆ!”

“ಅಯ್ಯೋ ಮೇಡಂ,” ಎಂದು ಪಿ.ಜಿ.ಯವರು ಹಣೆಗೆ ಕೈ ಹಚ್ಚಿದರು, “ಒಂದು ಸಣ್ಣ ಸುಳ್ಳು ಬರ್ಲಿಲ್ವಾ ಬಾಯಿಗೆ?”

ಅಜ್ಜಿ ನಗಲಿಲ್ಲ. “ಅಪ್ಪನ್ನ ಎತ್ತೋಕೆ ಮುಂಚೆ ಅವ್ನು ಕೇಳಿದ್ನಾ?”

“ಯಾರನ್ನ?”

“ಅಪ್ಪನ್ನೇ.”

ಅದನ್ನು ಯಾರೂ ಬರೆದಿಟ್ಟಿಲ್ಲ ಎಂದೆ.

“ಕೇಳಿರಾಕಿಲ್ಲ. ಅದ್ಕೇ ಅವ್ನ ಮಗ ಅವ್ನಿಗೆ ಅಂಗೆ ಮಾಡ್ದ. ನಾನು ಕೇಳ್ತೀನಿ. ಒಲ್ಲೆ ಅಂದ್ರೆ ಒಲ್ಲೆ. ನಾನೂ ಅಲ್ಲೇ ಕೂತ್ಕತೀನಿ, ಇಬ್ರನ್ನೂ ಲಾರಿಗೆ ಆಕ್ಕಳ್ಲಿ.”

ಸೋಮವಾರ ಅಜ್ಜಿ ಹಿರೀಕನಿಗೆ ನೀರು ಹಾಕಿ, ಎರಡು ಹೆಗಲ ಮೇಲೂ ಒದ್ದೆ ಸೇವಂತಿಗೆ ಅಂಟಿಸಿದರು. ಬಲದ ಹೂವು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಜೆಸಿಬಿ ಓಡಿಸುವವರು ತಾವಾಗಿಯೇ ಇಂಜಿನ್ ಆರಿಸಿ, ಚಪ್ಪಲಿ ಬಿಟ್ಟು ಇಳಿದರು. ಹೂವು ಅಲುಗಲಿಲ್ಲ. ಹಿಂದೆ ಆಫೀಸ್ ಕ್ಯಾಬುಗಳು ಸಾಲುಗಟ್ಟಿದವು.

“ಏನಣ್ಣ, ಆಕ್ಸಿಡೆಂಟಾ?” ಎಂದು ಯಾರೋ ಸ್ಕೂಟರಿನಿಂದ ಕೂಗಿದರು.

“ಹೂ ಕೇಳ್ತಾವ್ರೆ, ಇರಪ್ಪ.”

“ಸ್ವಲ್ಪ ಬೇಗ ಕೇಳೋಕೆ ಹೇಳಿ ಗುರು, ಲಾಗಿನ್ ಟೈಮ್ ಆಯ್ತು!”

ಎಲ್ಲರೂ ನಕ್ಕರು, ನಾನೂ ಆ ಕಡೆ ತಿರುಗಿ ನಕ್ಕೆ. ಬಲದ ಹೂವು ಜಾರಿದ್ದು ನನ್ನ ಕಣ್ಣ ಮುಂದೆ ಈಗಲೂ ಸ್ಪಷ್ಟವಾಗಿದೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ನನಗೆ ಅದರ ಮೇಲೆ ಗುಮಾನಿ. ಎರಡೂ ಒಟ್ಟಿಗೆ ಬಿದ್ದವು ಎನ್ನುತ್ತಾರೆ ಪಿ.ಜಿ.ಯವರು. ಜೆಸಿಬಿಯವರು ಕೈಮುಗಿದು ಕಣ್ಣುಮುಚ್ಚಿದ್ದರು. ಕಲ್ಲಿನಿಂದ ಕಣ್ಣು ಕೀಳದೆ ನೋಡುತ್ತಿದ್ದವರು ಅಜ್ಜಿ ಒಬ್ಬರೇ.

“ಬಲಕ್ಕೆ ಕೊಟ್ಟ,” ಎಂದರು. ಜೆಸಿಬಿಯವರು ಕಣ್ಣುಬಿಟ್ಟು ಹಗ್ಗ ತರಲು ಹೋದರು.

ಡೆನ್ಮಾರ್ಕನ್ನೆಲ್ಲ ಗೆದ್ದೆ ಎಂಬುದಕ್ಕೂ ಆ ದೊರೆಯ ಮಾತೇ ಮೊದಲ ಸಾಕ್ಷಿ. ಅದು ಮೊದಲು ನನಗೆ ಬಡಾಯಿಯಂತೆ ಕೇಳಿಸುತ್ತಿತ್ತು. ಅಜ್ಜಿಯ ಈ ಮಾತಿನ ಮೇಲೆ ಹಾಗೆ ಕೇಳಿಸಲಿಲ್ಲ. ಮುಂದೆ ಬರುವುದನ್ನೆಲ್ಲ ತಾನೇ ಹೊರಬೇಕಾದವನು ಗಟ್ಟಿಯಾಗಿ ಒಂದು ಮಾತು ಹೇಳಿ, ಅದರ ಭಾರದ ಕೆಳಗೆ ನಿಂತುಕೊಂಡ.

ಗೋಣಿಚೀಲ ಸುತ್ತಿ ಹಗ್ಗ ಬಿಗಿದು ಎತ್ತಿದರು. ನೆಲದೊಳಗಿದ್ದ ಭಾಗ ಬಣ್ಣ ಕಾಣದೆ ಬೂದು ಬೂದಾಗಿತ್ತು. ಅಜ್ಜಿ ಮುಂದೆ ಓಡಿ, ಪಿ.ಜಿ. ಹುಡುಗರ ಬೈಕುಗಳನ್ನು ಬೈದು ಬದಿಗೆ ಹಾಕಿಸಿ, ಗೇಟಿನ ಎರಡು ಬಾಗಿಲನ್ನೂ ಪೂರ್ತಿ ತೆರೆದರು.

“ಮೆತ್ತಗೆ ಕಣಪ್ಪ,” ಎಂದರು ಜೆಸಿಬಿಯವರಿಗೆ. “ಗೋಡೆ ಕಡೆ ತಿರುಗಿಸ್ಬ್ಯಾಡ. ಮಕ ಬೀದಿಗಿರ್ಲಿ. ಓಗೋ ಬರೋರ್ನ ನೋಡ್ಕಂಡು ಇದ್ದೋನು ಅವ್ನು.”