ಬೋಪಣ್ಣನವರ ಬೆನ್ನು ಬಗ್ಗಿತು

ಬೆನ್ನಿನ ಆಪರೇಷನ್ ಆದವರ ಮನೆಗೆ ಹೋಗಿ, ಈಗ ಹೇಗಿದ್ದಾರೆ ಎಂದು ನೋಡಿಬಂದು ಸರ್ಜನ್‌ಗೆ ಹೇಳುವುದು ಫಿಸಿಯೋಥೆರಪಿಸ್ಟ್ ಆದ ನನ್ನ ಕೆಲಸ. ಅವತ್ತು ಕೊಡಗಿನ ಬಾಳೆಲೆ ಊರಿನ ಬೋಪಣ್ಣನವರು ಜಗಲಿಯಲ್ಲೇ ಕಾಯುತ್ತಿದ್ದರು.

‘ನಿಧಾನವಾಗಿ ಬಗ್ಗಿ ನೋಡೋಣ’ ಎಂದೆ. ಐವತ್ತು ದಾಟಿದ ಮನುಷ್ಯ ಮಂಡಿ ಮಡಿಸದೆ ಎರಡೂ ಅಂಗೈಯನ್ನು ನೆಲಕ್ಕೆ ಊರಿಬಿಟ್ಟರು! ನನಗೇ ಅಷ್ಟು ಆಗುವುದಿಲ್ಲ.

‘ನೋವು?’

‘ಚೂರೂ ಇಲ್ಲ’ ಎಂದವರು ದನಿ ತಗ್ಗಿಸಿದರು. ‘ಆದರೆ ಮೇಡಂ, ಇನ್ನೊಂದು ವರ್ಷ ಬಗ್ಗಬಾರದು ಅಂತ ನಮ್ಮ ಮನೆಯವರ ಮುಂದೆ ಹೇಳಿಬಿಡಿ. ಮುಂದಿನ ವಾರ ಅಣ್ಣನ ಮಗಳ ಮದುವೆ. ನಮ್ಮ ಕೊಡವರಲ್ಲಿ ಗೊತ್ತಲ್ಲ, ಸಿಕ್ಕ ಸಿಕ್ಕ ಹಿರಿಯರ ಕಾಲನ್ನೆಲ್ಲ ಬಗ್ಗಿ ಮುಟ್ಟಬೇಕು. ಆಪರೇಷನ್ ಆದಮೇಲೆ ನಿಂತಲ್ಲೇ ಕೈಮುಗಿದು ಆರಾಮಾಗಿದ್ದೇನೆ.’

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ಅವರ ದೊಡ್ಡಮ್ಮ ಹೊರಬಂದರು. ಎಲ್ಲವನ್ನೂ ನೋಡಿದ್ದರು, ಕೇಳಿದ್ದರು. ಕುರ್ಚಿ ಎಳೆದು ಕೂತು, ಸೀರೆಯ ಅಂಚು ಸರಿಸಿ, ಎರಡೂ ಪಾದ ಮುಂದಿಟ್ಟರು. ಬೋಪಣ್ಣನವರು ನನ್ನ ಮುಖ ನೋಡಿದರು. ನಾನು ಅಂಗಳದಾಚೆಯ ಕಾಫಿ ಗಿಡ ನೋಡಿದೆ. ವಿಧಿಯಿಲ್ಲದೆ ಬಗ್ಗಿದರು.

‘ನೂರು ಕಾಲ ಬಾಳು ಮಗ’ ಎಂದು ಹರಸಿದ ದೊಡ್ಡಮ್ಮ, ‘ಹಾಗೇ ನಿಲ್ಲು. ಪಕ್ಕದ ಮನೆಯಿಂದ ನಿನ್ನ ಚಿಕ್ಕಪ್ಪಂದಿರನ್ನೂ ಕರೀತೇನೆ. ಮೇಡಂ ಇರುವಾಗಲೇ ಪರೀಕ್ಷೆ ಆಗಿಹೋಗಲಿ’ ಎಂದು ಅಂಗಳಕ್ಕಿಳಿದರು.

ಸಂಜೆ ಸರ್ಜನ್ ಕೇಳಿದರು, ‘ಬೋಪಣ್ಣ ಹೇಗಿದ್ದಾರೆ? ಏನಾದರೂ ಕಂಪ್ಲೇಂಟ್?’

‘ಒಂದೇ ಒಂದು ಸಾರ್’ ಎಂದೆ. ‘ಪೂರ್ತಿ ವಾಸಿಯಾಗಿಬಿಟ್ಟಿದೆಯಂತೆ.’